ಗಣಕದ ಭಾಷೆಯಲ್ಲಿ ಕನ್ನಡದ ವಾಕ್ಯ

ಪ್ರೋಗ್ರಾಮಿಂಗ್ ಭಾಷೆಯ ವ್ಯಾಕರಣ ಸಾಮಾನ್ಯವಾಗಿ ಅದನ್ನು ಕಟ್ಟಿದವರ ಕೈಯಲ್ಲೇ ಉಳಿಯುತ್ತದೆ. ‘ಇಫ್’, ‘ವೈಲ್’, ‘ಫಾರ್’ನಂಥ ಕೆಲವು ಮಾತುಗಳನ್ನು ಅವರು ಗೊತ್ತುಮಾಡಿರುತ್ತಾರೆ, ಬಳಸುವವರು ತಮ್ಮ ಲೆಕ್ಕವನ್ನು ಅವುಗಳಲ್ಲೇ ಹೊಂದಿಸಿಕೊಳ್ಳಬೇಕು. ಬಳಸುವವರೇ ಹೊಸ ವಾಕ್ಯರಚನೆ ಸೇರಿಸಲು ಕೆಲವು ಭಾಷೆಗಳು ಮಾತ್ರ ಬಿಡುತ್ತವೆ. ಕ್ರಿಯಾಪದ ಕೊನೆಗೆ ಬರುವ ಕನ್ನಡದಂಥ ಭಾಷೆಯವರಿಗೆ ಈ ಸೌಲಭ್ಯದ ಬೆಲೆ ಇನ್ನೂ ಹೆಚ್ಚು.

ಹೊಸ ಮಾತಿಗೆ ಫಂಕ್ಷನ್, ಅಂದರೆ ಹೆಸರಿಟ್ಟು ಕರೆಯುವ ಆದೇಶಗಳ ಗುಂಪು, ಸಾಲದೇ ಎಂದು ಕೇಳಬಹುದು. ಎಲ್ಲ ಕಡೆಯೂ ಸಾಲದು. ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಇ-ಟೆಂಡರನ್ನೇ ತೆಗೆದುಕೊಂಡರೆ ಕಾರಣ ತಿಳಿಯುತ್ತದೆ. ಸೋಮವಾರ, ಗುರುವಾರ ರೈತರು ತಂದ ಚೀಲಗಳು ದಲಾಲಿ ಅಂಗಡಿಗಳಲ್ಲಿ ಲಾಟ್‌ಗಳಾಗಿ ಕೂರುತ್ತವೆ, ಪ್ರತಿ ಲಾಟಿಗೂ ಒಂದು ಸಂಖ್ಯೆ. ಖರೀದಿದಾರರು ಕಾಯಿ ನೋಡಿ ತಮ್ಮ ತಮ್ಮ ದರ ನಮೂದಿಸುತ್ತಾರೆ. ಹೆಚ್ಚು ದರ ಬರೆದವರಿಗೆ ಲಾಟ್, ಆದರೆ ರೈತ ಒಪ್ಪಿದರೆ ಮಾತ್ರ. ಈ ಕೊನೆಯ ನಿಯಮವನ್ನು ‘ಒಪ್ಪಿದರೆ’ ಎಂಬ ಫಂಕ್ಷನ್ ಆಗಿ ಬರೆದು, ಅದರ ಕೈಗೆ ರೈತನ ಉತ್ತರವನ್ನೂ ಬಿಲ್ ಬರೆಯುವ ಆದೇಶವನ್ನೂ ಕೊಟ್ಟರೆ ಕೆಲಸ ಕೆಡುತ್ತದೆ. ಬಹುತೇಕ ಭಾಷೆಗಳು ಫಂಕ್ಷನ್ನಿಗೆ ಕೊಟ್ಟದ್ದನ್ನೆಲ್ಲ ಮೊದಲು ನಡೆಸಿ, ಆಮೇಲೆ ಅದರೊಳಗೆ ಕಾಲಿಡುತ್ತವೆ. ರೈತ ಹೂಂ ಅನ್ನುವ ಮೊದಲೇ ಬಿಲ್ ಸಿದ್ಧವಾಗಿರುತ್ತದೆ. ಕೊಟ್ಟ ಆದೇಶವನ್ನು ಹಾಗೇ ಕಟ್ಟಿಟ್ಟುಕೊಂಡು, ಹೊತ್ತು ಬಂದಾಗ ಮಾತ್ರ ಬಿಚ್ಚುವ ರಚನೆ ಇಲ್ಲಿ ಬೇಕು.

ಅಂಥ ರಚನೆಗೆ ಮೊದಲ ಗಟ್ಟಿ ನೆಲ ಸಿಕ್ಕಿದ್ದು ಲಿಸ್ಪ್‌ನಲ್ಲಿ. ಜಾನ್ ಮೆಕಾರ್ಥಿ 1958ರಲ್ಲಿ ಅಮೆರಿಕದ ಎಂಐಟಿಯಲ್ಲಿ ಆರಂಭಿಸಿದ ಆ ಭಾಷೆಯಲ್ಲಿ ಪ್ರೋಗ್ರಾಮ್ ಕೂಡ ಒಂದು ಪಟ್ಟಿಯೇ. ಪಟ್ಟಿಯನ್ನು ಬಿಡಿಸಿ ಜೋಡಿಸಬಲ್ಲ ಭಾಷೆ ತನ್ನ ವಾಕ್ಯವನ್ನೂ ಬಿಡಿಸಿ ಜೋಡಿಸಬಲ್ಲದು. 1963ರಲ್ಲಿ ತಿಮೊತಿ ಹಾರ್ಟ್ ಲಿಸ್ಪ್‌ಗೆ ಮ್ಯಾಕ್ರೋಗಳನ್ನು ಸೂಚಿಸಿದರು. ಬಳಸುವವರು ಬರೆದ ಹೊಸ ಬಗೆಯ ವಾಕ್ಯವನ್ನು ಮ್ಯಾಕ್ರೋ ಲಿಸ್ಪ್‌ಗೆ ಗೊತ್ತಿರುವ ಹಳೆಯ ವಾಕ್ಯವಾಗಿ ತಿರುಗಿಸುತ್ತದೆ. ಅದು ನಡೆಯುವುದು ಆಮೇಲೆ. ಇದರ ಜೊತೆಗೇ ಒಂದು ತೊಡಕೂ ಬಂತು. ಮ್ಯಾಕ್ರೋ ತನ್ನೊಳಗೆ ‘ದರ’ ಎಂಬ ಹೆಸರು ಇಟ್ಟುಕೊಂಡಿದ್ದು, ಬಳಸುವವರ ಪ್ರೋಗ್ರಾಮಿನಲ್ಲೂ ‘ದರ’ ಇದ್ದರೆ ಒಂದರ ಬೆಲೆ ಇನ್ನೊಂದಕ್ಕೆ ಅಂಟುತ್ತದೆ. ಇಂಥ ತಪ್ಪನ್ನು ಹುಡುಕುವುದು ಬಹಳ ಕಷ್ಟ. ಎರಡೂ ಹೆಸರುಗಳನ್ನು ತಾನಾಗಿಯೇ ಬೇರೆ ಇಡುವ ವಿಧಾನವನ್ನು 1986ರಲ್ಲಿ ಯೂಜಿನ್ ಕೋಲ್‌ಬೆಕರ್ ಮತ್ತು ಸಂಗಡಿಗರು ಕೊಟ್ಟರು. ಲಿಸ್ಪ್ ವಂಶದ ಸ್ಕೀಮ್ ಭಾಷೆ ಆ ದಾರಿ ಹಿಡಿಯಿತು.

1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಅಲನ್ ಕೇ ಮತ್ತು ಜೊತೆಗಾರರು ಬೆಳೆಸಿದ ಸ್ಮಾಲ್‌ಟಾಕ್ ಬೇರೆ ಹಾದಿ ತೋರಿಸಿತು. ಅಲ್ಲಿ ಚೌಕ ಆವರಣದೊಳಗಿನ ಆದೇಶಗಳ ಗುಂಪೇ ಒಂದು ‘ಬ್ಲಾಕ್’. ಸಂಖ್ಯೆಯನ್ನು ಕೊಟ್ಟಹಾಗೆ ಅದನ್ನೂ ಇನ್ನೊಂದರ ಕೈಗೆ ಕೊಡಬಹುದು. ನಡೆಸು ಎನ್ನುವವರೆಗೂ ಅದು ಸುಮ್ಮನಿರುತ್ತದೆ. ಹೀಗಾಗಿ ‘ಇಫ್’ ಕೂಡ ವ್ಯಾಕರಣದ ಭಾಗವಾಗಿ ಉಳಿಯದೆ, ಯಾರಾದರೂ ಬರೆಯಬಹುದಾದ ಮಾತಾಯಿತು. ಪದಗಳ ನಡುನಡುವೆ ಬೆಲೆಗಳನ್ನು ಕೂರಿಸುವ ಅಭ್ಯಾಸವೂ ಅಲ್ಲಿತ್ತು. 1995ರಲ್ಲಿ ಹೊರಬಂದ ರೂಬಿ ಈ ಬ್ಲಾಕ್‌ಗಳನ್ನು ಹೊಸ ತಲೆಮಾರಿನ ಪ್ರೋಗ್ರಾಮರುಗಳ ದಿನಬಳಕೆಗೆ ತಂದಿತು.

ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಮಕ್ಕಳಿಗಾಗಿ ಬಿಡುಗಡೆ ಮಾಡಿದ ಸ್ಕ್ರಾಚ್‌ನಲ್ಲಿ ಬ್ಲಾಕ್ ಎಂದರೆ ಪರದೆಯ ಮೇಲೆ ಒಂದಕ್ಕೊಂದು ಸಿಕ್ಕಿಸುವ ಬಣ್ಣದ ತುಂಡು. ಹೊಸ ತುಂಡು ಮಾಡಿಕೊಳ್ಳಲು ಆಗ ಅವಕಾಶವಿರಲಿಲ್ಲ. ಜರ್ಮನಿಯ ಯೆನ್ಸ್ ಮೋನಿಗ್ ಆ ಕೊರತೆಯನ್ನು ತುಂಬಲು ಸ್ಕ್ರಾಚನ್ನೇ ಹಿಗ್ಗಿಸಿ, ನಿಮ್ಮ ಬ್ಲಾಕ್ ನೀವೇ ಕಟ್ಟಿ ಎಂಬ ಅರ್ಥದ ಹೆಸರಿಟ್ಟರು: ‘ಬಿಲ್ಡ್ ಯುವರ್ ಓನ್ ಬ್ಲಾಕ್ಸ್’. ಬರ್ಕ್ಲಿ ವಿಶ್ವವಿದ್ಯಾಲಯದ ಬ್ರಯನ್ ಹಾರ್ವಿ ಜೊತೆಯಾದ ಮೇಲೆ ಸ್ಕೀಮ್‌ನ ವಿಚಾರಗಳು ಅದಕ್ಕೆ ಬಂದವು. ಇಂದು ಅದರ ಹೆಸರು ಸ್ನ್ಯಾಪ್. ಸ್ಕ್ರಾಚ್ ಕೂಡ 2013ರಲ್ಲಿ ಸ್ವಂತ ಬ್ಲಾಕ್‌ಗಳಿಗೆ ಜಾಗ ಕೊಟ್ಟಿತು. ಆದರೆ ಅವು ಬೇರೆ ಆದೇಶಗಳನ್ನು ತಮ್ಮ ಹೊಟ್ಟೆಯೊಳಗೆ ಇಟ್ಟುಕೊಳ್ಳಲಾರವು. ಸ್ನ್ಯಾಪ್‌ನ ಬ್ಲಾಕ್‌ಗಳು ಇಟ್ಟುಕೊಳ್ಳುತ್ತವೆ; ‘ರೈತ ಒಪ್ಪಿದರೆ’ ಎಂಬುದನ್ನು ಅಲ್ಲಿ ಶಾಲೆಯ ಹುಡುಗಿಯೂ ಕಟ್ಟಬಹುದು.

ಸ್ನ್ಯಾಪ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ಅದಕ್ಕಿಂತ ದೊಡ್ಡ ಅನುಕೂಲವೆಂದರೆ, ಹೊಸ ಬ್ಲಾಕಿನ ಹೆಸರಿನಲ್ಲಿ ಖಾಲಿ ಜಾಗಗಳನ್ನು ಎಲ್ಲಿ ಬೇಕಾದರೂ ಇಡಬಹುದು. ಅಕ್ಷರದಲ್ಲಿ ಬರೆಯುವ ಹೆಚ್ಚಿನ ಭಾಷೆಗಳಲ್ಲಿ ಕ್ರಿಯೆ ಮೊದಲು, ಉಳಿದದ್ದೆಲ್ಲ ಆವರಣದೊಳಗೆ: ‘ಮಾರು(12, ದರ)’ ಎಂಬಂತೆ. ಇದು ಇಂಗ್ಲಿಷಿನ ಆದೇಶವಾಕ್ಯದ ನಡೆ. ಸ್ನ್ಯಾಪ್‌ನಲ್ಲಿ ‘[12]ನೇ ಲಾಟನ್ನು [ದರ] ರೂಪಾಯಿಗೆ ಮಾರು’ ಎಂದು ಪೇಟೆಯಲ್ಲಿ ಆಡುವಂತೆಯೇ ಬ್ಲಾಕ್ ಮಾಡಬಹುದು. ಹಾವೇರಿ, ರಾಣೇಬೆನ್ನೂರಿನ ಗೋವಿನಜೋಳದ ವ್ಯಾಪಾರಕ್ಕೂ ಅದೇ ಬ್ಲಾಕ್ ಸಾಕು.

ತೊಡಕು ಬರುವುದು ವಿಭಕ್ತಿಯಲ್ಲಿ. ಮೆಣಸಿನಕಾಯಿಯ ತಳಿಗಳನ್ನೇ ನೋಡಿ: ‘[ಕಡ್ಡಿ]ಗೆ ದರ ಇಡು’ ಎಂಬ ಬ್ಲಾಕ್ ಓದಲು ಸರಿಯಾಗಿದೆ, ‘[ಡಬ್ಬಿ]ಗೆ’ ಕೂಡ. ಅದೇ ಜಾಗದಲ್ಲಿ ಗುಂಟೂರು ತಳಿ ಬಂದರೆ ‘ಗುಂಟೂರುಗೆ’ ಎಂದಾಗುತ್ತದೆ. ಕನ್ನಡ ಕೇಳುವುದು ‘ಗುಂಟೂರಿಗೆ’. ಖಾಲಿ ಜಾಗದೊಳಗೇ ‘ಗುಂಟೂರಿ’ ಎಂದು ತಿದ್ದುವಂತಿಲ್ಲ, ಗಣಕಕ್ಕೆ ಅದು ಬೇರೆಯೇ ಹೆಸರು. ಪರಿಹಾರ ಕನ್ನಡದಲ್ಲೇ ಇದೆ. ‘[ಗುಂಟೂರು] ಎಂಬ ತಳಿಗೆ ದರ ಇಡು’ ಎಂದರೆ ಹೆಸರು ಒಂದಕ್ಷರವೂ ಬದಲಾಗದೆ ಉಳಿಯುತ್ತದೆ, ಪ್ರತ್ಯಯವನ್ನು ‘ತಳಿ’ ಹೊರುತ್ತದೆ. ಪದವನ್ನು ಅರ್ಥೈಸದೆ ಹಾಗೇ ಹಿಡಿದುಕೊಳ್ಳಲು ಲಿಸ್ಪ್‌ನಲ್ಲಿ ‘ಕೋಟ್’ ಎಂಬ ಗುರುತಿದೆ. ‘ಎಂಬ’ ಇಲ್ಲಿ ಬಹುಮಟ್ಟಿಗೆ ಅದೇ ಕೆಲಸ ಮಾಡುತ್ತದೆ.