ಅಭಿಮಾನಿಯ ಮುನಿಸು

ಪ್ರತಿಭಟನೆ ಎಂಬ ಶಬ್ದದ ಒಳಗೆ ಒಬ್ಬ ಭಟನಿದ್ದಾನೆ. ಎದುರು ನಿಂತ ಭಟನೇ ಪ್ರತಿಭಟ. ಹಳೆಯ ಕಾವ್ಯಗಳಲ್ಲಿ ಅವನು ಶತ್ರುವಿನ ಪಾಳೆಯದಿಂದ ಆಯುಧ ಹಿಡಿದು ಬರುವವನು. ಅಭಿಮಾನ ಎಂಬ ಮಾತಿನ ಕಥೆ ಇನ್ನೂ ಸ್ವಾರಸ್ಯದ್ದು. ಸಂಸ್ಕೃತದಲ್ಲಿ ಅದಕ್ಕೆ ಗರ್ವ, ಅಹಂಕಾರ ಎಂಬ ಅರ್ಥ ಬಲವಾಗಿದೆ. 'ಇದು ನನ್ನದು' ಎಂಬ ಭಾವ ಅದರ ತಿರುಳು. ಕನ್ನಡಕ್ಕೆ ಬಂದ ಮೇಲೆ ಆ ಗರ್ವ ಕರಗಿ ಪ್ರೀತಿಯಾಯಿತು. ಒಬ್ಬನೇ ಮನುಷ್ಯ ಒಂದೇ ಕಾಲದಲ್ಲಿ ಅಭಿಮಾನಿಯೂ ಪ್ರತಿಭಟಿಸುವವನೂ ಆಗುವುದು ಹೇಗೆ? ಪ್ರೀತಿಸುವ ಪಾಳೆಯದ ಎದುರಿಗೇ ಭಟನಾಗಿ ನಿಲ್ಲುವುದು ಸರಿಯೆ? ಕಾಲ್ಚೆಂಡಿನ ಆಟವನ್ನು ಬಹುಕಾಲದಿಂದ ಅನುಸರಿಸಿಕೊಂಡು ಬಂದಿರುವ ನನಗೆ ಈ ಪ್ರಶ್ನೆ ವ್ಯಾಕರಣದ್ದು ಮಾತ್ರ ಎಂದು ತೋರುವುದಿಲ್ಲ.

ಬಳ್ಳಾರಿಯ ಗೃಹಸ್ಥರಿಗೆ ಈ ಚರ್ಚೆಯಿಂದ ಆಗಬೇಕಾದ್ದೇನು ಎಂದು ಕೆಲವರು ಕೇಳಬಹುದು. ಕಂಠೀರವ ಕ್ರೀಡಾಂಗಣ ನಮ್ಮಿಂದ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರ. ಆದರೆ ನಮ್ಮ ಜಿಲ್ಲೆಯದೇ ಆದ ತೋರಣಗಲ್ಲಿನ ಬಳಿ, ವಿಜಯನಗರದ ಉಕ್ಕಿನ ಕಾರ್ಖಾನೆಯ ನೆರೆಯಲ್ಲಿ, ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಕ್ರೀಡಾಸಂಸ್ಥೆ ೨೦೧೮ರಲ್ಲಿ ಆರಂಭವಾಯಿತು. ಉಕ್ಕಿನ ಕಾರ್ಖಾನೆ ಯಾವ ಜೆ.ಎಸ್.ಡಬ್ಲ್ಯು. ಸಮೂಹದ್ದೋ ಬೆಂಗಳೂರು ಫುಟ್‌ಬಾಲ್ ಕ್ಲಬ್ಬೂ ಅದೇ ಸಮೂಹದ್ದು. ಆ ಕ್ಲಬ್ಬಿನ ಎಳೆಯ ಆಟಗಾರರ ವಸತಿ ತರಬೇತಿ ಈ ವಿಜಯನಗರದಲ್ಲೇ ನೆಲೆಗೊಂಡಿತು. ಹಿರಿಯರ ತಂಡವೂ ಪಂದ್ಯಗಳ ಋತುವಿಗೆ ಮುಂಚೆ ಇಲ್ಲಿ ಬಂದು ತಾಲೀಮು ಮಾಡಿದ್ದುಂಟು. ನಮ್ಮ ಬಿಸಿಲಿನಲ್ಲಿ ಬೆವರು ಸುರಿಸಿದವರು ಅಲ್ಲಿ ಹೋಗಿ ಗೆದ್ದರು, ಸೋತರು.

ಕರ್ನಾಟಕಕ್ಕೆ ಈ ಆಟ ಹೊಸತಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೆಳೆದ 'ಬೆಂಗಳೂರು ಮುಸ್ಲಿಮ್ಸ್' ತಂಡ ೧೯೩೭ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ೧೯೪೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಎದುರು ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಬರಿಗಾಲಿನಲ್ಲಿ ಚೆಂಡನ್ನು ಮಾತಾಡಿಸುತ್ತಿದ್ದ ಅಹಮದ್ ಖಾನರು ಇಲ್ಲಿಂದ ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ತಂಡದ 'ಪಂಚಪಾಂಡವ'ರಲ್ಲಿ ಒಬ್ಬರೆನಿಸಿದರು. ಮೈಸೂರು ರಾಜ್ಯ ೧೯೬೮-೬೯ರಲ್ಲಿ ಗೆದ್ದ ಸಂತೋಷ್ ಟ್ರೋಫಿ ಮತ್ತೆ ಕರ್ನಾಟಕದ ಕೈಗೆ ಬಂದದ್ದು ೨೦೨೩ರ ಮಾರ್ಚಿಯಲ್ಲಿ, ಅದೂ ಸೌದಿ ಅರೇಬಿಯದ ರಿಯಾದ್ ನಗರದಲ್ಲಿ.

ಕ್ಲಬ್ಬು ಎಂದರೇನು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಹಳೆಯ ಮಾದರಿಯಲ್ಲಿ ಅದು ಸದಸ್ಯರ ಸಂಘ: ಚಂದಾ ಕೊಟ್ಟವರಿಗೆ ಮತವಿತ್ತು, ಕಾರ್ಯದರ್ಶಿಯನ್ನು ಚುನಾವಣೆಯಲ್ಲಿ ಕೆಳಗಿಳಿಸುವ ಅಧಿಕಾರವಿತ್ತು. ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳು ಹಾಗೆ ಬೆಳೆದವು. ಎರಡನೆಯದು ಕಾರ್ಖಾನೆಯ ತಂಡ. ಬೆಂಗಳೂರಿನ ಎಚ್.ಎ.ಎಲ್., ಐ.ಟಿ.ಐ. ತಂಡಗಳು ಈ ಜಾತಿಯವು. ಆಟಗಾರನಿಗೆ ನೌಕರಿಯ ಭದ್ರತೆ, ಊರಿಗೆ ಒಂದು ತಂಡ. ಮೂರನೆಯದು ಈಗಿನ ಮಾದರಿ: ಒಂದು ಉದ್ಯಮ ಸಮೂಹ ಬಂಡವಾಳ ಹೂಡಿ ಕ್ಲಬ್ಬನ್ನು ಕಟ್ಟುತ್ತದೆ, ನಷ್ಟವನ್ನೂ ಅದೇ ಹೊರುತ್ತದೆ. ಕೊನೆಯ ಎರಡರಲ್ಲೂ ಒಡೆಯನು ಸಾಕು ಎಂದರೆ ಆಟ ಮುಗಿಯಿತು. ಮುಂಬಯಿಯ ಮಹೀಂದ್ರಾ ಯುನೈಟೆಡ್ ೨೦೧೦ರಲ್ಲಿ ಕಣ್ಮುಚ್ಚಿತು. ರಾಷ್ಟ್ರೀಯ ಲೀಗಿನ ಮೊದಲ ಚಾಂಪಿಯನ್ ಆಗಿದ್ದ ಪಂಜಾಬಿನ ಜೆ.ಸಿ.ಟಿ. ೨೦೧೧ರಲ್ಲಿ. ಆಡಳಿತದವರು ಕುಳಿತು ತೀರ್ಮಾನ ಮಾಡಿದರು, ಅಷ್ಟೆ.

ಬೆಂಗಳೂರು ಕ್ಲಬ್ಬು ೨೦೧೩ರಲ್ಲಿ ಹುಟ್ಟಿ, ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ೨೦೧೬ರಲ್ಲಿ ಏಷ್ಯಾದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯ ತಲಪಿದ ಮೊದಲ ಭಾರತೀಯ ತಂಡವಾಯಿತು. ೨೦೧೮-೧೯ರಲ್ಲಿ ಇಂಡಿಯನ್ ಸೂಪರ್ ಲೀಗಿನ ಕಿರೀಟವೂ ಬಂತು. ಕ್ರೀಡಾಂಗಣದ ಪಶ್ಚಿಮ ಬದಿಯಲ್ಲಿ ನಿಂತು, ನೀಲಿ ಅಂಗಿ ತೊಟ್ಟು, ತೊಂಬತ್ತು ನಿಮಿಷವೂ ಹಾಡುವ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಅಭಿಮಾನಿ ಬಳಗ ಅದರ ಜೊತೆಯಲ್ಲೇ ಬೆಳೆಯಿತು. ಮುಂದೆ ಏರಿಳಿತ. ೨೦೨೩-೨೪ರಲ್ಲಿ ಹನ್ನೆರಡು ತಂಡಗಳ ಪೈಕಿ ಹತ್ತನೆಯ ಸ್ಥಾನ; ನಡುವೆಯೇ ತರಬೇತುದಾರ ಸೈಮನ್ ಗ್ರೇಸನ್ ಅವರನ್ನು ಬಿಡಿಸಬೇಕಾಯಿತು. ಮರುವರ್ಷ ಚೇತರಿಸಿಕೊಂಡು, ೨೦೨೫ರ ಏಪ್ರಿಲ್ ೧೨ರಂದು ಕಲ್ಕತ್ತೆಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಮೋಹನ್ ಬಗಾನಿಗೆ ಹೆಚ್ಚುವರಿ ಅವಧಿಯಲ್ಲಿ ೨-೧ರಿಂದ ಮಣಿಯಿತು.

ಅದಾಗಿ ನಾಲ್ಕು ತಿಂಗಳು ತುಂಬುವ ಮೊದಲೇ, ಆಗಸ್ಟ್ ಮೊದಲ ವಾರದಲ್ಲಿ, ಅದೇ ಕ್ಲಬ್ಬು ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು.

ಏಕೆ ಹೀಗಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನು ಆಟದ ವಾಣಿಜ್ಯದ ಹಕ್ಕುಗಳನ್ನು ೨೦೧೦ರಲ್ಲಿ ಹದಿನೈದು ವರ್ಷಗಳ ಕರಾರಿನ ಮೇಲೆ ಕೊಟ್ಟಿತ್ತು. ಲೀಗನ್ನು ನಡೆಸುತ್ತಿದ್ದುದು ಆ ಕರಾರಿನ ಬಲದಿಂದ ಒಂದು ಖಾಸಗಿ ಕಂಪೆನಿ. ಕರಾರಿನ ಅವಧಿ ೨೦೨೫ರ ಡಿಸೆಂಬರಿಗೆ ತೀರಲಿತ್ತು. ನವೀಕರಣದ ಮಾತು ಮುಂದುವರಿಯಲಿಲ್ಲ. ಫೆಡರೇಷನ್ನಿನ ಸಂವಿಧಾನದ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿತ್ತು. ಋತುವಿನ ನಡುವೆ ಹಕ್ಕು ಕೈತಪ್ಪುವುದಾದರೆ ಲೀಗನ್ನು ಆರಂಭಿಸುವುದೆಂತು ಎಂದು ಕಂಪೆನಿ ಜುಲೈಯಲ್ಲೇ ಪಂದ್ಯಗಳನ್ನು ತಡೆಹಿಡಿಯಿತು. ಪಂದ್ಯವಿಲ್ಲದಿದ್ದರೆ ಟಿಕೆಟ್ಟಿಲ್ಲ, ಜಾಹೀರಾತಿಲ್ಲ, ಪ್ರಸಾರವಿಲ್ಲ. ಹೊಸ ಹಕ್ಕುದಾರರಿಗಾಗಿ ಕರೆದ ಟೆಂಡರಿಗೆ ನವೆಂಬರಿನ ಗಡುವಿನೊಳಗೆ ಒಬ್ಬರೂ ಬರಲಿಲ್ಲ. ಕಡೆಗೆ ೨೦೨೬ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು, ಫೆಬ್ರವರಿ ೧೪ರಿಂದ ಹದಿನಾಲ್ಕು ತಂಡಗಳ ಮೊಟಕು ಮಾಡಿದ ಲೀಗ್ ನಡೆಯುವುದೆಂದು ಘೋಷಿಸಿದರು.

ಇಲ್ಲಿ ಅಭಿಮಾನಿ ಯಾರ ಎದುರು ಕೂಗಬೇಕು? ಸಂಬಳ ನಿಲ್ಲಿಸಿದ ಒಡೆಯರ ಎದುರೆ? ಆದಾಯವಿಲ್ಲದ ತಿಂಗಳುಗಳಲ್ಲಿ ಕೈಯಿಂದ ಹಾಕುತ್ತಿದ್ದವರು ಅವರೇ. ದೆಹಲಿಯ ಫೆಡರೇಷನ್ನೆ? ಮುಂಬಯಿಯ ಕಂಪೆನಿಯೆ? ಸಿರುಗುಪ್ಪದ ಕಡೆಯ ರೈತರನ್ನು ನೋಡಿ ನಾನು ಒಂದು ಸಂಗತಿ ಕಲಿತಿದ್ದೇನೆ. ತುಂಗಭದ್ರಾ ಕಾಲುವೆಯ ಕೊನೆಭಾಗಕ್ಕೆ ನೀರು ಬಾರದಿದ್ದಾಗ ಅವರು ತಮ್ಮ ಹೊಲದ ತೂಬಿನ ಮೇಲೆ ಸಿಟ್ಟು ತೀರಿಸಿಕೊಳ್ಳುವುದಿಲ್ಲ. ನೀರು ಮೇಲೆ ಎಲ್ಲಿ ನಿಂತಿತು ಎಂದು ವಿಚಾರಿಸುತ್ತಾರೆ, ಆ ಕಚೇರಿಯ ಮುಂದೆ ಕೂರುತ್ತಾರೆ. ಕಾಲ್ಚೆಂಡಿನ ಅಭಿಮಾನಿಗೆ ಈ ವಿವೇಕ ಸುಲಭವಾಗಿ ಬರುವುದಿಲ್ಲ. ಅವನ ಕಣ್ಣಿಗೆ ಕಾಣುವವನು ಆಟಗಾರ; ಬೈಗಳು ಬೀಳುವುದೂ ಅವನ ಮೇಲೆ. ಮೂರು ಪಂದ್ಯ ಸೋತರೆಂದು ಹುಡುಗರನ್ನು ಮೂದಲಿಸುವುದನ್ನು ನಾನು ಪ್ರತಿಭಟನೆ ಎಂದು ಕರೆಯಲಾರೆ. ಅದು ಮುನಿಸು. ಸೋಲು ಆಟದ ಧರ್ಮ. ಲೆಕ್ಕ ಕೇಳಬೇಕಾದ್ದು ದುರಾಡಳಿತಕ್ಕೆ.

ಸರಿಯಾದ ವಿಳಾಸಕ್ಕೆ ಹೋದ ಪ್ರತಿಭಟನೆ ಫಲ ಕೊಟ್ಟ ಉದಾಹರಣೆ ನಮ್ಮ ದೇಶದಲ್ಲೇ ಇದೆ. ೧೮೮೯ರಲ್ಲಿ ಸ್ಥಾಪನೆಯಾಗಿ, ೧೯೧೧ರಲ್ಲಿ ಬಹುತೇಕ ಬರಿಗಾಲಿನವರೇ ಇದ್ದ ತಂಡದಿಂದ ಆಂಗ್ಲ ಸೈನಿಕರ ತಂಡವನ್ನು ಮಣಿಸಿ ಐ.ಎಫ್.ಎ. ಶೀಲ್ಡ್ ಗೆದ್ದ ಮೋಹನ್ ಬಗಾನ್, ೨೦೨೦ರಲ್ಲಿ ಎ.ಟಿ.ಕೆ. ಎಂಬ ಹೊಸ ಕ್ಲಬ್ಬಿನೊಡನೆ ಕೂಡಿಕೊಂಡಿತು. ಹೆಸರಿನ ಮುಂದೆ ಆ ಮೂರಕ್ಷರ ಬಂದು ಕುಳಿತವು. ಹಣ ಬಂತು, ಒಳ್ಳೆಯ ಆಟಗಾರರು ಬಂದರು. ಆದರೂ ಅಭಿಮಾನಿಗಳು ಆ ಮೂರಕ್ಷರ ಹೋಗಬೇಕೆಂದು ಮೂರು ವರ್ಷ ಬಿಡದೆ ಹಟ ಹಿಡಿದರು. ೨೦೨೩ರ ಮಾರ್ಚ್ ೧೮ರಂದು ಗೋವದಲ್ಲಿ ಅವರ ತಂಡ ಲೀಗಿನ ಕಿರೀಟ ಗೆದ್ದ ರಾತ್ರಿಯೇ ಒಡೆಯ ಸಂಜೀವ್ ಗೋಯೆಂಕಾ ಅವರು ಹೆಸರು ಬದಲಿಸುವುದಾಗಿ ಸಾರಿದರು. (ಅಂದು ಪೆನಾಲ್ಟಿ ಹೊಡೆತಗಳಲ್ಲಿ ಸೋತವರು ನಮ್ಮ ಬೆಂಗಳೂರಿನವರು. ಆ ಪ್ರಕಟಣೆಯನ್ನು ಮೆಚ್ಚಿಕೊಳ್ಳುವ ಮನಸ್ಸು ಅಂದು ನನಗಿರಲಿಲ್ಲ.) ಹೆಸರಿನಲ್ಲೇನಿದೆ ಎನ್ನುವವರಿಗೆ ಬಳ್ಳಾರಿಯವರು ಉತ್ತರ ಹೇಳಬಲ್ಲರು, ನಮ್ಮ ರಾಘವರನ್ನು ಜಗತ್ತು ಗುರುತಿಸಿದ್ದು ಊರಿನ ಹೆಸರಿನೊಡನೆ.

ಅದೇ ನಗರದ ಈಸ್ಟ್ ಬೆಂಗಾಲಿನ ಕಥೆ ಬೇರೆ. ಹೂಡಿಕೆದಾರರ ಕರಾರಿಗೆ ಸಹಿ ಹಾಕಬೇಕೆ ಬೇಡವೆ ಎಂಬ ವಿಚಾರದಲ್ಲಿ ೨೦೨೧ರ ಜುಲೈ ೨೧ರಂದು ಕ್ಲಬ್ಬಿನ ಎದುರು ನೆರೆದ ಅಭಿಮಾನಿಗಳಲ್ಲೇ ಎರಡು ಪಂಗಡವಾಯಿತು. ಪೊಲೀಸರು ಲಾಠಿ ಬೀಸಿದರು. ಒಂದೇ ಕೆಂಪು-ಹಳದಿ ಬಣ್ಣ ತೊಟ್ಟವರು ಪರಸ್ಪರ ಪ್ರತಿಭಟರಾದರು.

ನೆರೆಯ ಕೊಚ್ಚಿಯಲ್ಲಿ ನಡೆದದ್ದು ಇನ್ನೊಂದು ಬಗೆ. ಕೇರಳ ಬ್ಲಾಸ್ಟರ್ಸ್ ತಂಡ ೨೦೨೪-೨೫ರಲ್ಲಿ ಎಡವುತ್ತ ಹೋದಾಗ 'ಮಂಞಪ್ಪಡ' ಎಂಬ ಅಭಿಮಾನಿ ಬಳಗ ಟಿಕೆಟ್ಟು ಕೊಳ್ಳುವುದಿಲ್ಲ, ಮಾರುವುದಿಲ್ಲ ಎಂದು ನಿಶ್ಚಯಿಸಿತು. ಅವರ ಬೆರಳು ತೋರಿದ್ದು ಆಡಳಿತದ ಕಡೆಗೆ. ೨೦೨೫ರ ಜನವರಿಯಲ್ಲಿ ಕ್ಲಬ್ಬು ಅಭಿಮಾನಿಗಳ ಸಲಹಾ ಮಂಡಳಿಯೊಂದನ್ನು ರಚಿಸುವುದಾಗಿ ಪ್ರಕಟಿಸಿತು. ಸಲಹೆ ಕೇಳುವುದು ಬೇರೆ, ಮತ ಕೊಡುವುದು ಬೇರೆ. ಆದರೂ ಬಾಗಿಲು ಸ್ವಲ್ಪ ತೆರೆಯಿತು.

ಮೈದಾನದಿಂದ ದೂರ ಉಳಿಯುವುದು ಅಭಿಮಾನಿಯ ಕೈಯಲ್ಲಿರುವ ಅತ್ಯಂತ ಕಠಿನ ಅಸ್ತ್ರ. ಅಂಗಡಿಯ ಬೇಳೆ ಕೆಟ್ಟಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅಭಿಮಾನಿಗೆ ಪಕ್ಕದ ಅಂಗಡಿ ಇಲ್ಲ. ಅವನು ಬಾರದೆ ಕುಳಿತರೆ ಉಪವಾಸ ಅವನದೇ. ಇಂಗ್ಲೆಂಡಿನ ಶೆಫೀಲ್ಡ್ ವೆನ್ಸ್‌ಡೇ ಎಂಬ ಹಳೆಯ ಕ್ಲಬ್ಬಿನಲ್ಲಿ ೨೦೨೫ರಲ್ಲಿ ಸಂಬಳಗಳು ಮತ್ತೆ ಮತ್ತೆ ತಡವಾದವು. ಅಭಿಮಾನಿಗಳು ಅಕ್ಟೋಬರ್ ೨೨ರ ಪಂದ್ಯವನ್ನು ಬಹಿಷ್ಕರಿಸಿದರು; ಆಸನಗಳು ಬರಿದಾಗಿ ಉಳಿದವು. ಎರಡು ದಿನಗಳ ಮೇಲೆ ಕ್ಲಬ್ಬು ಕಾನೂನಿನ ಪ್ರಕಾರ ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು, ಹಳೆಯ ಒಡೆಯನ ಹಿಡಿತ ತಪ್ಪಿತು, ದಂಡವಾಗಿ ಹನ್ನೆರಡು ಅಂಕಗಳೂ ಕಡಿತವಾದವು. ಅಂಕ ಕಳೆದುಕೊಂಡು ತಂಡ ತಳ ಕಂಡಿದ್ದರೂ ಅಭಿಮಾನಿಗಳು ಮರುದಿನವೇ ಟಿಕೆಟ್ಟು, ಅಂಗಿ ಕೊಳ್ಳಲು ಸಾಲುಗಟ್ಟಿ ನಿಂತರು. ಅವರು ತಡೆಹಿಡಿದಿದ್ದುದು ಹಣವನ್ನು ಮಾತ್ರ, ಪ್ರೀತಿಯನ್ನಲ್ಲ.

ಆದರೆ ಈ ಅಸ್ತ್ರ ನಮ್ಮಲ್ಲಿ ಎಷ್ಟು ನಡೆದೀತು? ನಮ್ಮ ಕ್ಲಬ್ಬುಗಳಿಗೆ ಟಿಕೆಟ್ಟಿನ ಹುಟ್ಟುವಳಿ ಖರ್ಚಿನ ಎದುರು ಅಲ್ಪ. ಬರಿದಾದ ಆಸನ ಒಡೆಯನಿಗೆ 'ಇವರಿಗೆ ಆಟವೇ ಬೇಡ' ಎಂಬ ನೆಪವಾಗಬಹುದು. ೨೦೧೮ರ ಜೂನ್ ೧ರಂದು ಮುಂಬಯಿಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು ಐದು ಗೋಲುಗಳಿಂದ ಸೋಲಿಸಿದಾಗ ನೋಡಲು ಬಂದವರು ಎರಡೂವರೆ ಸಾವಿರದಷ್ಟು ಮಂದಿ. ಬೆಂಗಳೂರು ಕ್ಲಬ್ಬಿನ ನಾಯಕರೂ ಆದ ಸುನೀಲ್ ಛೇತ್ರಿ ಮರುದಿನ ಜನರ ಮುಂದೆ ಬೇಡಿಕೊಂಡರು: ಬೈಯಿರಿ, ಟೀಕಿಸಿರಿ, ಆದರೆ ಮೈದಾನಕ್ಕೆ ಬನ್ನಿ ಎಂಬುದು ಅವರ ಮಾತಿನ ಸಾರ. ಜೂನ್ ೪ರ ಪಂದ್ಯಕ್ಕೆ ಕ್ರೀಡಾಂಗಣ ತುಂಬಿತು. ನನ್ನ ಅಭಿಪ್ರಾಯ ಅವರ ಕಡೆಗೇ ವಾಲುತ್ತದೆ. ಬರಬೇಕು, ಬಂದು, ಒಡೆಯರು ಕೂರುವ ಕಡೆಗೆ ತಿರುಗಿ ಫಲಕ ಹಿಡಿಯಬೇಕು.

ಜರ್ಮನಿಯಲ್ಲಿ ಒಂದು ನಿಯಮವಿದೆ. ಬೆರಳೆಣಿಕೆಯ ವಿನಾಯಿತಿಗಳನ್ನು ಬಿಟ್ಟರೆ ಕ್ಲಬ್ಬಿನ ಮತಾಧಿಕಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸದಸ್ಯರ ಸಂಘದಲ್ಲೇ ಉಳಿಯಬೇಕು. ಅಲ್ಲಿಯ ಲೀಗು ಹೊರಗಿನ ಹೂಡಿಕೆದಾರರನ್ನು ತರಲು ಹೊರಟಾಗ ಅಭಿಮಾನಿಗಳು ಟೆನ್ನಿಸ್ ಚೆಂಡುಗಳನ್ನು ಮೈದಾನಕ್ಕೆ ಎಸೆದು ಪಂದ್ಯಗಳನ್ನು ನಿಲ್ಲಿಸಿದರು. ೨೦೨೪ರ ಫೆಬ್ರವರಿಯಲ್ಲಿ ಲೀಗು ಆ ಯೋಜನೆಯನ್ನೇ ಕೈಬಿಟ್ಟಿತು. ಕುರುಗೋಡಿನ ದೊಡ್ಡಬಸವೇಶ್ವರನ ತೇರನ್ನು ನೋಡಿದವರಿಗೆ ಇದರ ತರ್ಕ ತಿಳಿಯುತ್ತದೆ. ತೇರು ಗುಡಿಯದು, ಖರ್ಚು ದಾನಿಗಳದು ಇರಬಹುದು. ಮಿಣಿ ಹಿಡಿಯುವ ಕೈ ಮಾತ್ರ ಊರವರದು. ಊರವರು ಎಳೆಯದೆ ತೇರು ಒಂದು ಮಾರೂ ಸಾಗದು. ಎಳೆಯುವವರಿಗೂ ಒಂದು ಮಾತು ಇರಬೇಕೆಂದು ಜರ್ಮನರು ಬರೆದಿಟ್ಟುಕೊಂಡರು. ಬೆಂಗಳೂರಿನ ಅಭಿಮಾನಿಗೆ ಅಂಥ ಮತ ಇಲ್ಲ, ದನಿ ಇದೆ.

೨೦೨೫ರ ಆಗಸ್ಟಿನ ಆ ಪ್ರಕಟಣೆಯಲ್ಲಿ ಹೆಚ್ಚು ಜನ ಗಮನಿಸದೆ ಹೋದ ಒಂದು ವಾಕ್ಯವಿತ್ತು. ಮುಖ್ಯ ತಂಡದ ಸಂಬಳ ನಿಂತರೂ ಎಳೆಯರ ತಂಡಗಳಿಗೂ ತರಬೇತಿ ಶಾಲೆಗಳಿಗೂ ಈ ತೀರ್ಮಾನ ತಟ್ಟುವುದಿಲ್ಲ ಎಂದು ಕ್ಲಬ್ಬು ತಿಳಿಸಿತ್ತು. ಹಿರಿಯರಿಗೆ ಆಡುವ ಲೀಗೇ ಇಲ್ಲದಿದ್ದ ಆ ತಿಂಗಳುಗಳಲ್ಲಿ ಎಳೆಯರ ಅಭ್ಯಾಸಕ್ಕೆ ತಡೆಯಿರಲಿಲ್ಲ.