ಮೂರು ಬೀಗಗಳ ಹಿಂದಿನ ಕಿಲೋ

ದಿನಸಿ ಅಂಗಡಿಯ ಕಬ್ಬಿಣದ ತೂಕದ ಬಟ್ಟನ್ನು ಮಗುಚಿ ನೋಡಿದರೆ ತಳದ ಗುಳಿಯಲ್ಲಿ ಸೀಸ ತುಂಬಿ, ಅದರ ಮೇಲೆ ಮುದ್ರೆ ಒತ್ತಿರುವುದು ಕಾಣುತ್ತದೆ. ಅಳತೆ ಮತ್ತು ತೂಕದ ಇಲಾಖೆಯವರು ತಮ್ಮಲ್ಲಿರುವ ಮಾದರಿ ಬಟ್ಟಿನೊಂದಿಗೆ ತಾಳೆ ನೋಡಿ ಒತ್ತಿದ ಮುದ್ರೆ ಅದು. ಇಲಾಖೆಯ ಬಟ್ಟು ಸರಿಯೆಂದು ಹೇಳಿದವರು ಯಾರು? ಅದಕ್ಕಿಂತ ಮೇಲಿನ ಪ್ರಯೋಗಾಲಯ. ಅದನ್ನು ಒಪ್ಪಿದವರು? ಹೀಗೆ ಕೇಳುತ್ತ ಹೋದರೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿರುವ, 57ನೇ ನಂಬರಿನ ಪ್ಲಾಟಿನಂ-ಇರಿಡಿಯಂ ತುಂಡಿನ ಬಳಿ ಬರುತ್ತೇವೆ. ಅಲ್ಲಿಗೂ ಮುಗಿಯುವುದಿಲ್ಲ. ತೀರಾ ಇತ್ತೀಚಿನವರೆಗೆ ಈ ಪ್ರಶ್ನೆಯ ಕೊನೆಯ ಉತ್ತರ ಇದ್ದದ್ದು ಪ್ಯಾರಿಸ್ಸಿನ ಮಗ್ಗುಲ ಸೆವ್ರ್ ಪಟ್ಟಣದ ಒಂದು ನೆಲಮಾಳಿಗೆಯಲ್ಲಿ.

ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಬ್ಯೂರೋ ಇರುವುದು ಅಲ್ಲೇ, ಸೇನ್ ನದಿಯ ಪಕ್ಕದ ಉದ್ಯಾನದೊಳಗಿನ ಹಳೆಯ ಅರಮನೆಯೊಂದರಲ್ಲಿ. 1875ರ ಮೇ 20ರಂದು 17 ದೇಶಗಳು ಸಹಿ ಹಾಕಿದ ಮೀಟರ್ ಒಪ್ಪಂದದಿಂದ ಹುಟ್ಟಿದ ಸಂಸ್ಥೆ. ಅದಕ್ಕೂ ಬಹಳ ಮೊದಲು ಫ್ರಾನ್ಸಿನಲ್ಲೇ ಊರಿಗೊಂದು ಅಳತೆ, ಸಂತೆಗೊಂದು ತೂಕ. ನಮ್ಮಲ್ಲೂ ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ ಇತ್ತಲ್ಲ, ಹಾಗೇ. ಯಾವ ದೊರೆಯ ಮೊಳವೂ ಬೇಡ, ಭೂಮಿಯನ್ನೇ ಅಳತೆಗೋಲು ಮಾಡೋಣ ಎಂದು ಫ್ರೆಂಚ್ ಕ್ರಾಂತಿಯ ಕಾಲದವರು ಹೊರಟರು. ಧ್ರುವದಿಂದ ಸಮಭಾಜಕದವರೆಗಿನ ದೂರದ ಕೋಟಿಯಲ್ಲೊಂದು ಪಾಲು ಒಂದು ಮೀಟರ್ ಎಂದಾಯಿತು. ಆ ದೂರದ ಲೆಕ್ಕ ಹಿಡಿಯಲು 1792ರಲ್ಲಿ ದಲಾಂಬ್ರ್ ಮತ್ತು ಮೆಶೇನ್ ಎಂಬ ಇಬ್ಬರು ಖಗೋಳಜ್ಞರು ಡಂಕರ್ಕ್‌ನಿಂದ ಬಾರ್ಸಿಲೋನಾದವರೆಗಿನ ಹರವನ್ನು ಅಳೆಯತೊಡಗಿದರು. ಯುದ್ಧ, ಬಂಧನ, ಗೂಢಚಾರರೆಂಬ ಗುಮಾನಿ ಎಲ್ಲ ಸೇರಿ ಕೆಲಸ ಏಳು ವರ್ಷ ಎಳೆಯಿತು. ಬಾರ್ಸಿಲೋನಾದ ಅಕ್ಷಾಂಶದ ಲೆಕ್ಕ ಒಂದಕ್ಕೊಂದು ತಾಳೆಯಾಗದ್ದನ್ನು ಮೆಶೇನ್ ಹೊಟ್ಟೆಯಲ್ಲಿಟ್ಟುಕೊಂಡು ಸಾಯುವವರೆಗೂ ಕೊರಗಿದ. ಕೊನೆಗೆ ಬಂದ ಮೀಟರ್ ಉದ್ದೇಶಿಸಿದ್ದಕ್ಕಿಂತ ಸುಮಾರು 0.2 ಮಿಲಿಮೀಟರ್ ಗಿಡ್ಡ. ಅದರಲ್ಲಿ ಅವನ ಪಾಲು ಅಲ್ಪ. ಭೂಮಿಯೇ ಅವರು ಅಂದುಕೊಂಡಷ್ಟು ಓರಣವಾಗಿರಲಿಲ್ಲ.

ಮೀಟರಿನ ಕಥೆ ಹೀಗಾದರೆ, ಕಿಲೋಗೆ ಸಿಕ್ಕ ರಾಜಮರ್ಯಾದೆಯೇ ಬೇರೆ. ಅದರ ಮೂಲ ತುಂಡು ನೂರರಲ್ಲಿ ತೊಂಬತ್ತು ಪಾಲು ಪ್ಲಾಟಿನಂ, ಹತ್ತು ಪಾಲು ಇರಿಡಿಯಂ, ಎತ್ತರ 39 ಮಿಲಿಮೀಟರ್, ಅಡ್ಡಗಲವೂ ಅಷ್ಟೇ. ಅಂಗೈಯಲ್ಲಿ ಹಿಡಿಸುವ ಗಾತ್ರ. ಆದರೆ ಅಂಗೈ ಸೋಕುವಂತಿಲ್ಲ, ಬೆರಳಚ್ಚೂ ತೂಕವೇ. 1889ರಲ್ಲಿ ಇದೇ ಕಿಲೋಗ್ರಾಂ ಎಂದು ಘೋಷಿಸಿ, ಒಂದರ ಮೇಲೊಂದು ಗಾಜಿನ ಗಂಟೆ ಕವಿಚಿ, ಮಾಳಿಗೆಯ ಪೆಟ್ಟಿಗೆಯಲ್ಲಿಟ್ಟರು. ಬೀಗ ತೆಗೆಯಲು ಮೂರು ಕೀಲಿಕೈ ಬೇಕು, ಮೂವರ ಕೈಯಲ್ಲಿ ಬೇರೆಬೇರೆಯಾಗಿ. ತೂಗುವ ಮೊದಲು ಅದಕ್ಕೆ ಮಜ್ಜನ: ಈಥರ್ ಮತ್ತು ಎಥನಾಲ್‌ನಲ್ಲಿ ಅದ್ದಿದ ಮೆತ್ತನೆಯ ಚರ್ಮದಿಂದ ಒರೆಸಿ, ಆಮೇಲೆ ಶುದ್ಧ ನೀರಿನ ಹಬೆ ಹಾಯಿಸುವುದು. ನೂರಮೂವತ್ತು ವರ್ಷಗಳಲ್ಲಿ ಇದನ್ನು ಹೊರಗೆ ತಂದದ್ದು ಬೆರಳೆಣಿಕೆಯಷ್ಟು ಸಲ ಮಾತ್ರ.

ಇಷ್ಟು ಜೋಪಾನ ಮಾಡಿಯೂ ಎಡವಟ್ಟಾಯಿತು. ಅದರ ನಕಲುಗಳೊಂದಿಗೆ ಹೋಲಿಸಿದಾಗ ನೂರು ವರ್ಷದಲ್ಲಿ ಸರಾಸರಿ 50 ಮೈಕ್ರೋಗ್ರಾಂನಷ್ಟು ವ್ಯತ್ಯಾಸ ಕಂಡಿತು. ಮೂಲವೇ ಸವೆಯಿತೋ, ನಕಲುಗಳು ಬೆಳೆದವೋ? ಹೇಳಲು ಬರುವುದಿಲ್ಲ. ಕಿಲೋ ಎಂದರೆ ಆ ತುಂಡೇ ಆದ್ದರಿಂದ ಕಾನೂನಿನ ಪ್ರಕಾರ ಅದು ತಪ್ಪುವುದು ಸಾಧ್ಯವೇ ಇಲ್ಲ; ಅದು ಸವೆದರೆ ಉಳಿದ ವಿಶ್ವವೆಲ್ಲ ಭಾರವಾಯಿತೆಂದೇ ಬರೆದುಕೊಳ್ಳಬೇಕು! ನನಗೆ ಈ ಸಂಸ್ಥೆಯ ಬಗ್ಗೆ ಗೌರವ ಮೂಡುವುದು ಇಲ್ಲಿಂದ ಮುಂದೆ. ತಾನೇ ಕಾಯುತ್ತಿದ್ದ ನಿಧಿಯನ್ನು ಕೆಲಸದಿಂದ ಬಿಡಿಸುವ ದಾರಿಯನ್ನು ಅದೇ ಮುಂದೆ ನಿಂತು ಹುಡುಕಿಸಿತು.

ಬ್ರಿಟನ್ನಿನ ಬ್ರಯಾನ್ ಕಿಬಲ್ 1975ರಲ್ಲಿ ಯೋಚಿಸಿದ ತಕ್ಕಡಿ ಆ ದಾರಿಗಳಲ್ಲೊಂದು. ಅದರ ಒಂದು ಕಡೆ ತೂಕ, ಅದನ್ನು ಎತ್ತಿಹಿಡಿಯಲು ಇನ್ನೊಂದು ತಟ್ಟೆಯ ಬದಲು ಆಯಸ್ಕಾಂತದ ನಡುವಿನ ತಂತಿಸುರುಳಿಯಲ್ಲಿ ಹರಿಯುವ ವಿದ್ಯುತ್ತು. ಆ ವಿದ್ಯುತ್ತನ್ನು ನಿಖರವಾಗಿ ಅಳೆದರೆ ತೂಕವನ್ನು ಪ್ರಕೃತಿಯಲ್ಲಿ ಎಂದೂ ಬದಲಾಗದ ಪ್ಲಾಂಕ್ ಸ್ಥಿರಾಂಕವೆಂಬ ಸಂಖ್ಯೆಗೆ ಗಂಟುಹಾಕಬಹುದು. ಸಿಲಿಕಾನ್ ಗೋಲದೊಳಗಿನ ಪರಮಾಣುಗಳನ್ನು ಎಣಿಸುವ ಮತ್ತೊಂದು ದಾರಿಯ ಉತ್ತರವೂ ಇದಕ್ಕೆ ಹೊಂದಿಕೊಂಡಿತು. 2018ರ ನವೆಂಬರ್ 16ರಂದು ವರ್ಸೈಯಲ್ಲಿ ಸೇರಿದ ದೇಶಗಳು ಈ ಬದಲಾವಣೆಗೆ ಒಮ್ಮತದಿಂದ ಒಪ್ಪಿದವು. 2019ರ ಮೇ 20ರಿಂದ ಹೊಸ ಕಿಲೋ ಜಾರಿಗೆ ಬಂತು. ಭಾರತವೂ ಇದಕ್ಕೆ ಪಾಲುದಾರ: 1956ರಲ್ಲಿ ಕಾನೂನು ಮಾಡಿ, ಮರುವರ್ಷ ಒಪ್ಪಂದ ಸೇರಿ, 1958ರಿಂದ ಸೇರು, ಮಣಗಳನ್ನು ಹಂತಹಂತವಾಗಿ ಬಿಟ್ಟ ದೇಶ ನಮ್ಮದು.

ಈಗ ಸೆವ್ರ್‌ನವರ ಕಣ್ಣು ಸೆಕೆಂಡಿನ ಮೇಲೆ. 1967ರಿಂದ ಅದು ಸೀಸಿಯಂ ಪರಮಾಣುವಿನ 919,26,31,770 ಕಂಪನಗಳ ಅವಧಿ. ಬೆಳಕಿನ ಕಂಪನ ಎಣಿಸುವ ಹೊಸ ಗಡಿಯಾರಗಳು ಸೀಸಿಯಂ ಅನ್ನು ಹಿಂದಿಕ್ಕಿವೆ, ಹಾಗಾಗಿ ವ್ಯಾಖ್ಯೆ ಬದಲಿಸುವ ಮಾತು ನಡೆದಿದೆ. ಅಲ್ಲಿಯವರೆಗೆ, ಎಂಬತ್ತರ ಆಸುಪಾಸಿನ ಸಂಸ್ಥೆಗಳಲ್ಲಿರುವ ನಾನೂರಕ್ಕೂ ಹೆಚ್ಚು ಪರಮಾಣು ಗಡಿಯಾರಗಳ ಲೆಕ್ಕ ತರಿಸಿ ಜಗತ್ತಿನ ಸಮಯವನ್ನು ಒಗ್ಗೂಡಿಸುವುದು ಬ್ಯೂರೋದ ಕೆಲಸ. ಯಾವ ಪ್ರಯೋಗಾಲಯದ ಗಡಿಯಾರ ಎಷ್ಟು ನ್ಯಾನೋಸೆಕೆಂಡ್ ಮುಂದಿತ್ತು, ಎಷ್ಟು ಹಿಂದಿತ್ತು ಎಂಬ ಪಟ್ಟಿ ಪ್ರತಿ ತಿಂಗಳೂ ಅಲ್ಲಿಂದ ಹೊರಬೀಳುತ್ತದೆ. ದೆಹಲಿಯದ್ದೂ ಅದರಲ್ಲಿರುತ್ತದೆ.