ಕಚೇರಿಯೋ? ಗೋಳಗುಮ್ಮಟವೋ?

ಗದ್ದಲದಲ್ಲಿ ಗುಮಾಸ್ತನ ಲೆಕ್ಕ ತಪ್ಪುತ್ತದೆ, ಜನ ಅಲೆಯುತ್ತಾರೆ. ಮದ್ದು ಮಾತ್ರ ಪೇಟೆಯಲ್ಲೇ ಇದೆ!

"ಸರ್ವೆ ನಂಬರ್ ಎಷ್ಟು ಯಜಮಾನ್ರೇ?"

"ಎಪ್ಪತ್ತೊಂದು ಸ್ವಾಮೀ."

"ಎಂಬತ್ತೊಂದಾ?"

"ಅಲ್ಲ ಸ್ವಾಮೀ, ಎಪ್ಪತ್ತೊಂದು!"

"ಸ್ವಲ್ಪ ಜೋರಾಗಿ ಹೇಳ್ರಿ, ಇಲ್ಲಿ ಏನೂ ಕೇಳಿಸೋದಿಲ್ಲ..."

ಬಸ್ ಸ್ಟ್ಯಾಂಡ್ ರಸ್ತೆಯ ಯಾವ ಕಚೇರಿಯ ಕೌಂಟರ್ ಮುಂದೆ ನಿಂತರೂ ಇಂಥ ಮಾತುಕತೆ ಕೇಳಿಬರುತ್ತದೆ. ಹೊರಗೆ ಬಸ್ಸಿನ ಹಾರನ್. ಒಳಗೆ ಪ್ರಿಂಟರಿನ ಕರಕರ, ತಲೆಯ ಮೇಲೆ ಫ್ಯಾನಿನ ಗಡಗಡ. ಪಕ್ಕದ ಮೇಜಿನಲ್ಲಿ ಯಾರದೋ ಮೊಬೈಲು ಸಿನಿಮಾ ಹಾಡು ಹಾಡುತ್ತದೆ. ಸರತಿಯಲ್ಲಿ ನಿಂತವರ ಸುಖದುಃಖದ ಮಾತು ಬೇರೆ.

ಎಪ್ಪತ್ತೊಂದಕ್ಕೂ ಎಂಬತ್ತೊಂದಕ್ಕೂ ನಡುವೆ ಇರುವುದು ಒಂದೇ ಒಂದು ಅಕ್ಷರದ ಅಂತರ. ಅದು ಗದ್ದಲದಲ್ಲಿ ಕಳೆದುಹೋದರೆ ಒಬ್ಬರ ಅರ್ಜಿ ಮತ್ತೊಬ್ಬರ ಜಮೀನಿನ ಮೇಲೆ ಕೂರುತ್ತದೆ. ತಿದ್ದುಪಡಿಗೆ ಮತ್ತೊಂದು ಅರ್ಜಿ, ಮತ್ತೆ ಬಸ್ ಚಾರ್ಜು, ಮತ್ತೆ ಒಂದು ದಿನದ ಕೂಲಿ ಖೋತಾ. ಜನ ಗುಮಾಸ್ತನನ್ನು ಬೈಯುತ್ತಾರೆ, ಗುಮಾಸ್ತ ಜನರನ್ನು ಬೈಯುತ್ತಾನೆ. ಇಬ್ಬರೂ ಬೈಯದೆ ಬಿಟ್ಟ ಮೂರನೆಯ ಆರೋಪಿ ಒಬ್ಬನಿದ್ದಾನೆ. ಅದು ಅವರಿಬ್ಬರೂ ಇರುವ ಕೋಣೆ!

ಮಾತು ನುಂಗುವ ಗೋಡೆ

ವಿಜಯಪುರದ ಗೋಳಗುಮ್ಮಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1656ರಲ್ಲಿ ಮುಗಿದ ಮಹಮ್ಮದ್ ಆದಿಲ್ ಷಾಹನ ಆ ಗೋರಿಯ ಗ್ಯಾಲರಿಯಲ್ಲಿ ಒಂದು ಸಲ ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಮರಳಿ ಬರುತ್ತದೆ. ಮಕ್ಕಳಿಗೆ ಅದು ಮೋಜು. ಆದರೆ ಅಲ್ಲೊಂದು ಮೇಜು ಹಾಕಿ ದಿನಕ್ಕೆ ಎಂಟು ಗಂಟೆ ಲೆಕ್ಕ ಬರೆಯಿರಿ ಎಂದರೆ ಯಾರು ಒಪ್ಪುತ್ತಾರೆ?

ನಮ್ಮ ಕಚೇರಿಗಳೂ ಪುಟ್ಟ ಗೋಳಗುಮ್ಮಟಗಳೇ. ಗಾರೆ ಗೋಡೆ, ಕಾಂಕ್ರೀಟ್ ತಾರಸಿ, ಹೊಳೆಯುವ ಟೈಲ್ಸು, ಗಾಜಿನ ತಡಿಕೆ. ಇವು ಯಾವುವೂ ಶಬ್ದವನ್ನು ಹೀರುವುದಿಲ್ಲ, ಚೆಂಡಿನ ಹಾಗೆ ವಾಪಸ್ ಎಸೆಯುತ್ತವೆ. ಮಾತಿನಲ್ಲಿ ಸ್ವರ ಉದ್ದ ಮತ್ತು ಜೋರು. ವ್ಯಂಜನ ಗಿಡ್ಡ ಮತ್ತು ಮೆತ್ತಗೆ. ಹಿಂದಿನ ಸ್ವರದ ಮಾರ್ದನಿ ಇನ್ನೂ ಕೋಣೆಯಲ್ಲಿ ಸುತ್ತುತ್ತಿರುವಾಗ ಮುಂದಿನ ವ್ಯಂಜನ ಬಂದರೆ ಅದು ಮುಳುಗಿಹೋಗುತ್ತದೆ. ಎಪ್ಪತ್ತು, ಎಂಬತ್ತಾಗುವುದು ಹೀಗೆ. ಅಂಥ ಕಡೆ ಜೋರಾಗಿ ಕೂಗಿದರೆ ಮಾರ್ದನಿಯೂ ಜೋರಾಗುತ್ತದೆಯೇ ಹೊರತು ಅಕ್ಷರ ಸ್ಪಷ್ಟವಾಗುವುದಿಲ್ಲ.

ಈ ಲೆಕ್ಕ ಕಂಡುಹಿಡಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಯುವ ಭೌತಶಾಸ್ತ್ರ ಮೇಷ್ಟ್ರು ವಾಲೇಸ್ ಸ್ಯಾಬಿನ್. ಅಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಸಭಾಂಗಣದಲ್ಲಿ ಪಾಠ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆಡಿದ ಮಾತು ಐದೂವರೆ ಸೆಕೆಂಡಿನಷ್ಟು ಹೊತ್ತು ಒಳಗೇ ಸುತ್ತುತ್ತಿತ್ತು! 1895ರಲ್ಲಿ ಅದನ್ನು ಸರಿಪಡಿಸುವ ಕೆಲಸ ಸ್ಯಾಬಿನ್ ಪಾಲಿಗೆ ಬಂತು. ಊರು ಮಲಗಿದ ಮೇಲೆ ಹತ್ತಿರದ ನಾಟಕಶಾಲೆಯ ಸೀಟಿನ ಮೆತ್ತೆಗಳನ್ನು ತರಿಸಿ ಹರಡುವುದು, ಆರ್ಗನ್ ಕೊಳವೆ ಊದಿ ಶಬ್ದ ಅಡಗುವ ತನಕ ಗಡಿಯಾರ ನೋಡುವುದು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ವಾಪಸ್ ಇಡುವುದು. ಇದೇ ಅವರ ಕಾಯಕ. ಮೆತ್ತೆ ಹೆಚ್ಚಿದಂತೆ ಮಾರ್ದನಿ ಕಡಿಮೆ! ಕೋಣೆಯ ಗಾತ್ರಕ್ಕೂ ಮೆತ್ತನೆಯ ವಸ್ತುವಿಗೂ ಇರುವ ಆ ಸಂಬಂಧವೇ ಇಂದಿಗೂ ಸಭಾಂಗಣ ಕಟ್ಟುವವರ ಮೂಲಸೂತ್ರ.

ಅದೇ ಸೂತ್ರ ಹಿಡಿದು ನಮ್ಮ ಕಡೆಯ ಕೋಣೆಗೆ ಲೆಕ್ಕ ಹಾಕಿ. 10 ಮೀಟರ್ ಉದ್ದ, 6 ಮೀಟರ್ ಅಗಲ, 4 ಮೀಟರ್ ಎತ್ತರದ ಬರಿಗೋಡೆಯ ಖಾಲಿ ಕೋಣೆಯಲ್ಲಿ ಶಬ್ದ ಅಡಗಲು ಸುಮಾರು 5 ಸೆಕೆಂಡ್ ಬೇಕು. ಜನ, ಮೇಜು, ಕುರ್ಚಿ ತುಂಬಿದ ಮೇಲೂ 2 ಸೆಕೆಂಡಿನ ಆಸುಪಾಸು. 30 ಚದರ ಮೀಟರಿನಷ್ಟು ಮೆತ್ತನೆಯ ಹೊದಿಕೆ ಸಿಕ್ಕರೆ 1 ಸೆಕೆಂಡಿಗೆ ಇಳಿಯುತ್ತದೆ.

ಹೋದವು ಗಂಟು, ಬಂತು ಗಾಜು

ಹಳೆಯ ಕಚೇರಿಗಳಲ್ಲಿ ಈ ಪಾಟಿ ಗುಂಯ್‌ಗುಡುವಿಕೆ ಇರಲಿಲ್ಲವಲ್ಲ ಎಂದು ನಿವೃತ್ತರು ಹೇಳಿದರೆ ಅದನ್ನು ಬರೀ ಹಳೇ ಕಾಲದ ಗೊಣಗಾಟ ಎಂದು ತಳ್ಳಿಹಾಕುವಂತಿಲ್ಲ. ಮಂಗಳೂರು ಹೆಂಚಿನ ಮಾಡು, ದಪ್ಪ ಗೋಡೆ, ರಸ್ತೆಗೂ ಕೋಣೆಗೂ ನಡುವೆ ಒಂದು ಜಗಲಿ. ಗೋಡೆಯುದ್ದಕ್ಕೂ ಮರದ ಅಟ್ಟಣೆ, ಅದರ ತುಂಬ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತದ ಗಂಟುಗಳು. ದೂಳು, ಜಿರಲೆ ಎಲ್ಲ ಇದ್ದವು ನಿಜ. ಆದರೆ ಆ ಬಟ್ಟೆಯ ಗಂಟುಗಳು ಸ್ಯಾಬಿನ್ ಮೇಷ್ಟ್ರ ಮೆತ್ತೆಗಳ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿದ್ದವು!

ಕಂಪ್ಯೂಟರ್ ಬಂತು, ಗಂಟು ಹೋಯಿತು. ಗಂಟಿನ ಜಾಗಕ್ಕೆ ಉಕ್ಕಿನ ಬೀರು, ಮರದ ಜಾಗಕ್ಕೆ ಗಾಜು, ಒರಟು ನೆಲದ ಜಾಗಕ್ಕೆ ಟೈಲ್ಸು. ನೋಡಲು ಚೆಂದ, ಗುಡಿಸಲು ಸುಲಭ. ಕಿವಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ಹಾರನ್ನಿಗಿಂತ ಮಾತೇ ಮುಳ್ಳು

ಬರೆಯುವವನ ಗಮನ ಕೆಡಿಸುವುದರಲ್ಲಿ ಬಸ್ಸಿನ ಹಾರನ್ನೇ ಮೊದಲು ಎಂದು ಎಲ್ಲರೂ ತಿಳಿದಿದ್ದಾರೆ. ಹಾರನ್ ಬೆಚ್ಚಿಬೀಳಿಸುತ್ತದೆ, ಹೋಗುತ್ತದೆ. ಅಂಕಿ ನೆನಪಿಟ್ಟು ಕೆಲಸ ಮಾಡುವವನಿಗೆ ಬಿಡದೆ ಕಾಡುವುದು ಪಕ್ಕದವರ ಮಾತು. 1976ರಲ್ಲಿ ಕಾಲ್ ಮತ್ತು ವೆಲ್ಷ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಜನರಿಗೆ ಅಕ್ಷರಗಳ ಸಾಲು ತೋರಿಸಿ, ಅದೇ ಕ್ರಮದಲ್ಲಿ ನೆನಪು ಮಾಡಿ ಬರೆಯಲು ಹೇಳಿದರು. ಹಿನ್ನೆಲೆಯಲ್ಲಿ ಅವರಿಗೆ ತಿಳಿಯದ ಜರ್ಮನ್ ಭಾಷೆಯ ಮಾತು. ತಪ್ಪು ಹೆಚ್ಚಾಯಿತು! ಅರ್ಥವಾಗದ ಮಾತೇ ಇಷ್ಟು ಕೆಡಿಸಿದರೆ, ಪಕ್ಕದ ಮೇಜಿನ ಮದುವೆ ಮಾತುಕತೆ ಬಿಟ್ಟೀತೇ? ಕಣ್ಣಿಗೆ ರೆಪ್ಪೆ ಉಂಟು, ಕಿವಿಗೆ ಇಲ್ಲ.

ಇನ್ನೊಂದು ಸಂಗತಿ. ಗದ್ದಲದಲ್ಲಿ ನಿಂತವ ತನಗೆ ಗೊತ್ತಿಲ್ಲದೆ ದನಿ ಏರಿಸುತ್ತಾನೆ. ಫ್ರೆಂಚ್ ವೈದ್ಯ ಲೊಂಬಾರ್ 1911ರಲ್ಲೇ ಇದನ್ನು ಹೇಳಿದ್ದರು. ಒಬ್ಬ ಏರಿಸಿದ ಎಂದು ಮತ್ತೊಬ್ಬ, ಅವನು ಏರಿಸಿದ ಎಂದು ಮಗದೊಬ್ಬ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಕಚೇರಿ ಸಂತೆಯಾಗುತ್ತದೆ. ಇದರಲ್ಲಿ ಮಾನದ ಪ್ರಶ್ನೆಯೂ ಇದೆ. ಸಾಲದ ಬಾಕಿ ಎಷ್ಟು, ಗಂಡ ತೀರಿಕೊಂಡದ್ದು ಯಾವಾಗ, ಕಾಯಿಲೆ ಏನು. ಕಿವಿಯಲ್ಲಿ ಹೇಳಬೇಕಾದ್ದನ್ನು ಬಡ ಹೆಂಗಸು ಸರತಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕು.

ಕೆಲಸದವರ ಗತಿಯೇನು? 2000ದಲ್ಲಿ ಪ್ರಕಟವಾದ ಕಾರ್ನೆಲ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 40 ಮಂದಿ ಮಹಿಳಾ ಗುಮಾಸ್ತರನ್ನು ಮೂರು ಗಂಟೆ ಕೂರಿಸಿದರು. ಕೆಲವರನ್ನು ನಿಶ್ಶಬ್ದದಲ್ಲಿ, ಕೆಲವರನ್ನು ಮಾಮೂಲು ಕಚೇರಿಯ ಗದ್ದಲದಲ್ಲಿ. ಗದ್ದಲದಲ್ಲಿದ್ದವರ ಮೈಯಲ್ಲಿ ಆತಂಕದ ರಸವಾದ ಎಪಿನೆಫ್ರಿನ್ ಏರಿತ್ತು. ಆಮೇಲೆ ಕೊಟ್ಟ ಕಠಿಣ ಒಗಟನ್ನು ಅವರು ಬೇಗ ಕೈಬಿಟ್ಟರು. ಸಂಜೆ ನಾಲ್ಕಕ್ಕೆ ಬಂದ ಅರ್ಜಿಗೆ "ನಾಳೆ ಬನ್ನಿ" ಎಂಬ ಉತ್ತರ ಸಿಕ್ಕರೆ ಅದರಲ್ಲಿ ಸೋಮಾರಿತನ ಎಷ್ಟು, ಸುಸ್ತು ಎಷ್ಟು? ಯೋಚಿಸಬೇಕಾದ ಮಾತು.

ಕಾನೂನು ಏನನ್ನುತ್ತದೆ?

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವ್ಯಾಪಾರ ಪ್ರದೇಶದಲ್ಲಿ ಹಗಲು 65, ರಾತ್ರಿ 55 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯ ಎಂದು ಸರ್ಕಾರ ಘೋಷಿಸಬಹುದು. ಅಲ್ಲಿ ಹಗಲು 50, ರಾತ್ರಿ 40. ತಾಲ್ಲೂಕು ಕಚೇರಿ, ಬ್ಯಾಂಕು, ಅಂಚೆ ಕಚೇರಿಗಳಿಗೆ ಆ ಭಾಗ್ಯವಿಲ್ಲ. ದೊಡ್ಡ ಸಾರ್ವಜನಿಕ ಕಚೇರಿ, ಬ್ಯಾಂಕುಗಳ ಒಳಗೆ 45ರಿಂದ 50 ಡೆಸಿಬಲ್ ಇರಲಿ ಎಂಬ ಭಾರತೀಯ ಮಾನಕದ ಶಿಫಾರಸೇನೋ ಇದೆ. ಆದರೆ ಒಂದು ಮೀಟರ್ ದೂರದಲ್ಲಿ ಇಬ್ಬರು ಸಾಧಾರಣ ದನಿಯಲ್ಲಿ ಮಾತನಾಡಿದರೇ 60 ಆಗುತ್ತದೆ!

ಡೆಸಿಬಲ್ ಲೆಕ್ಕ ತರಕಾರಿ ಲೆಕ್ಕದಂತಲ್ಲ. 10 ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು. ಕಿವಿಗೆ ಸುಮಾರು ಎರಡರಷ್ಟು ಜೋರು. ಮಿತಿಗಿಂತ 10 ಡೆಸಿಬಲ್ ಮೀರಿದರೆ ದೂರು ಕೊಡಲು ನಿಯಮದಲ್ಲಿ ಅವಕಾಶವಿದೆ. ಕರ್ಕಶ ಹಾರನ್ನಿಗೆ ಮೋಟಾರು ವಾಹನ ನಿಯಮದಲ್ಲಿ ನಿಷೇಧವೂ ಇದೆ. ಆದರೆ ಒಳಗಿನ ಮಾರ್ದನಿಯ ಮೇಲೆ ಯಾವ ಪೊಲೀಸರಿಗೆ ದೂರು ಕೊಡುವುದು?

ಕಾಸಿಲ್ಲದ ಮದ್ದು, ಅಲ್ಪ ಕಾಸಿನ ಮದ್ದು

ಮೊದಲು ಕಾಸಿಲ್ಲದ್ದು. ಜನರೊಡನೆ ಮಾತನಾಡುವ ಮೇಜು ರಸ್ತೆಯ ಕಡೆಗಿರಲಿ, ಲೆಕ್ಕ ಬರೆಯುವ ಮೇಜು ಹಿಂದಿನ ಕೋಣೆಗೆ ಹೋಗಲಿ. ರಸ್ತೆಯ ಕಿಟಕಿ ಮುಚ್ಚಿ ಹಿತ್ತಲ ಕಿಟಕಿ ತೆರೆದರೆ ಗಾಳಿಗೂ ತೊಂದರೆ ಕಡಿಮೆ. ಮೊಬೈಲುಗಳ ಬಾಯಿ ಕಟ್ಟಲಿ. ಕೂಡಿಸಿ ತಾಳೆ ನೋಡುವ ಕೆಲಸಕ್ಕೆ ದಿನಕ್ಕೊಂದು ಗಂಟೆ ಯಾರೂ ಯಾರನ್ನೂ ಕರೆಯಬಾರದು ಎಂದು ಸಾಹೇಬರೇ ಒಂದು ಕಟ್ಟಳೆ ಮಾಡಲಿ. ಮೊದಲು ಸಾಹೇಬರೇ ಪಾಲಿಸಲಿ.

ಇನ್ನು ಅಲ್ಪ ಕಾಸಿನದು. ಪಾಸ್‌ಬುಕ್ ಪ್ರಿಂಟರ್ ಬರಿಯ ಮೇಜಿನ ಮೇಲೆ ಕೂತರೆ ಮೇಜೇ ತಮಟೆಯಾಗುತ್ತದೆ. ಕೆಳಗೊಂದು ದಪ್ಪ ರಬ್ಬರ್ ಹಾಳೆ ಹಾಕಿ. ಗಡಗಡ ಫ್ಯಾನಿಗೆ ಹೊಸ ಬೇರಿಂಗ್ ಹಾಕಿಸಿ. ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹೊಡೆಯಿರಿ. ಏಳಡಿ ಬಾಗಿಲ ಕೆಳಗೆ ಒಂದಂಗುಲ ಸಂದು ಬಿಟ್ಟರೆ, ಬಾಗಿಲು ತೇಗದ್ದೇ ಆಗಲಿ, ತಡೆಯುವುದು 20 ಡೆಸಿಬಲ್ ಮೀರುವುದಿಲ್ಲ. ಶಬ್ದವೂ ನೀರಿನ ಹಾಗೆ, ತೂತು ಹುಡುಕಿ ನುಗ್ಗುತ್ತದೆ.

ಗೋಡೆಗೆ ನೆರಿಗೆ ಕೊಟ್ಟ ದಪ್ಪ ಪರದೆ ಬಿಡಿ, ಗೋಡೆಗೆ ಅಂಟದಂತೆ ಮೂರು ನಾಲ್ಕು ಅಂಗುಲ ಮುಂದಕ್ಕೆ. ನೋಟೀಸು ಹಚ್ಚುವ ಹಲಗೆ ಮೆತ್ತನೆಯದಾಗಿರಲಿ. ನೆಲಕ್ಕೆ ನಾರಿನ ಚಾಪೆ ಹಾಸಿದರೆ ಹೆಜ್ಜೆ, ಕುರ್ಚಿ ಎಳೆದಾಟದ ಸದ್ದು ಅಡಗುತ್ತದೆ. ಹೆಚ್ಚು ಫಲ ಬೇಕಾದರೆ ತಾರಸಿಯ ಕೆಳಗೆ ಶಬ್ದ ಹೀರುವ ಹಲಗೆ ಕೂರಿಸಬೇಕು.

ಎಚ್ಚರಿಕೆಯ ಎರಡು ಮಾತು. ಥರ್ಮಾಕೋಲ್ ಹಾಗೂ ಮೊಟ್ಟೆ ಟ್ರೇ ಅಂಟಿಸಿ ಎಂದು ಸಲಹೆ ಕೊಡುವವರು ಬೇಕಾದಷ್ಟು. ಥರ್ಮಾಕೋಲಿನ ಒಳಗೆ ಗಾಳಿ ಹಾಯುವುದಿಲ್ಲ, ಟ್ರೇ ತೀರಾ ತೆಳು. ಮಾತಿನ ಸದ್ದಿಗೆ ಎರಡೂ ಅಷ್ಟಕ್ಕಷ್ಟೆ. ಹಣ ದಂಡ. ಫೋಮು, ಪರದೆಗಳನ್ನು ವಿದ್ಯುತ್ ವೈರಿನ ಹತ್ತಿರ ಬಿಡಬೇಡಿ. ಸದ್ದು ಅಡಗಿಸಲು ಹೋಗಿ ಬೆಂಕಿ ತಂದುಕೊಳ್ಳುವುದು ಬೇಡ.

ಅಂಗಡಿಯವರೂ ಕೇಳಬೇಕು

ಇದು ಸರ್ಕಾರಿ ಕಚೇರಿಯ ಪಾಡು ಮಾತ್ರ ಎಂದು ಗಲ್ಲಾದ ಮೇಲೆ ಕೂತವರು ನಗುವಂತಿಲ್ಲ. ಅಟ್ಟದ ಮೇಲೆ ಜಿಎಸ್‌ಟಿ ಲೆಕ್ಕ ಬರೆಯುವ ಹುಡುಗನ ಕೆಳಗೆ "ಹಣ ಬಂದಿದೆ" ಎಂದು ಅರಚುವ ಪೆಟ್ಟಿಗೆ ಇದೆ. ಬಾಗಿಲಲ್ಲಿ ರಿಯಾಯಿತಿ ಮಾರಾಟದ ಸ್ಪೀಕರ್ ಇದೆ. ಆ ಸ್ಪೀಕರಿನ ಮೂತಿ ಎದುರು ಬ್ಯಾಂಕಿನ ಕಡೆಗೆ ತಿರುಗಿದ್ದರೆ, ಅಲ್ಲಿ ತಪ್ಪುವುದು ನಿಮ್ಮದೇ ಚಲನ್ನಿನ ಅಂಕಿ ಇದ್ದೀತು! ಬರೆಯುವವರ ಕಿವಿಗೆ ಹಾಡೂ ಬೇಡ, ಹಾಡಿನಲ್ಲೂ ಮಾತುಂಟು. ಬಸ್ಸಿನಲ್ಲಿ ಬಂದು ಸರತಿಯಲ್ಲಿ ನಿಲ್ಲುವ ಜನರೂ ಮೊಬೈಲನ್ನು ಹೊರಗೆ ನಿಂತು ಮಾತನಾಡಿದರೆ ಅವರ ಕೆಲಸವೇ ಬೇಗ ಆಗುತ್ತದೆ.

ಕಚೇರಿಗಳಿಗೆ ಸುಣ್ಣಬಣ್ಣ, ಟೈಲ್ಸು, ಗಾಜಿನ ಕೋಣೆ ಎಂದು ಅಂದಾಜುಪಟ್ಟಿ ಸಿದ್ಧವಾಗುತ್ತಲೇ ಇರುತ್ತದೆ. ಅದೇ ಪಟ್ಟಿಯಲ್ಲಿ "ಶಬ್ದ ಹೀರುವ ಹೊದಿಕೆ, ಬಾಗಿಲಿಗೆ ರಬ್ಬರ್ ಪಟ್ಟಿ" ಎಂದು ಎರಡು ಸಾಲು ಸೇರಿಸಲು ಯಾವ ಹೊಸ ಕಾನೂನೂ ಬೇಕಿಲ್ಲ. ಈಗ ಗೋಡೆಯ ಮೇಲಿರುವುದು "ನಿಶ್ಶಬ್ದವಾಗಿರಿ" ಎಂಬ ತಗಡಿನ ಬೋರ್ಡು ಮಾತ್ರ. ತಗಡು ಶಬ್ದ ಹೀರುವುದಿಲ್ಲ. ಸಂಬಂಧಪಟ್ಟ ಇಂಜಿನಿಯರುಗಳು, ಮುಂದಿನ ಅಂದಾಜುಪಟ್ಟಿಗೆ ಸಹಿ ಹಾಕುವ ಮುನ್ನ, ಆ ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡುವರೇ?